ಮಾದಪ್ಪನ ಕೋರಣ್ಯಕ್ಕೆ ಹೋಗಿ ಮಗಳ ಬಾಯಿಗೆ ಅನ್ನ ತಂದದ್ದು

ನನ್ನ ಮಗಳು ಗೌರಿಗೆ ಬಾಯಿ ತೆರೆಯಲು ಆಗದೆ ಹೋದಾಗ ಅವಳು ಆರು ತಿಂಗಳ ಬಸುರಿ. ಆಗಿನ್ನೂ ಚಾಮರಾಜನಗರ ಜಿಲ್ಲೆಯಾಗಿರಲಿಲ್ಲ. ಆಗುತ್ತದಂತೆ ಎಂಬ ಮಾತು ಬಸ್ಸಿನಲ್ಲಿ ಕಿವಿಗೆ ಬೀಳುತ್ತಿತ್ತು. ಆ ಕಾರ್ತಿಕದ ಸಂಗತಿಯನ್ನು ಬರೆದುಕೊಡು ಎಂದು ಮೊಮ್ಮಕ್ಕಳಾದ ನೀವು ಕೇಳುತ್ತಲೇ ಇದ್ದೀರಿ. ನಾನು ಹಳ್ಳಿಯ ಶಾಲೆಯಲ್ಲಿ ಓದಿದವಳು, ನಾಲ್ಕು ಜನರ ಎದುರು ಮಾತಾಡಿ ಅಭ್ಯಾಸವಿಲ್ಲ. ಆದರೂ ಮಲೆಯ ದೇವರು ಮಾದಪ್ಪ ನಡೆಸಿಕೊಟ್ಟದ್ದನ್ನು ನನ್ನೊಳಗೇ ಇಟ್ಟುಕೊಳ್ಳುವುದು ಸರಿಯಲ್ಲ. ನೀವೂ ಓದಿ, ಅವನನ್ನು ನಂಬಿದ ಬೇರೆಯವರೂ ಓದಲಿ.

ನಿಮ್ಮ ತಾತ ತೀರಿಕೊಂಡಾಗ ಗೌರಿ ಇನ್ನೂ ಹೈಸ್ಕೂಲು. ಅವಳನ್ನು ಗುಂಡ್ಲುಪೇಟೆಗೆ, ಈರುಳ್ಳಿ ಮಂಡಿಯವರ ಮನೆಗೆ ಕೊಟ್ಟು ಮದುವೆ ಮಾಡಿದ ಮೇಲೆ ಬದನಗುಪ್ಪೆ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನೊಬ್ಬಳೇ ಉಳಿದೆ. ಎಸರಿಗೆ ಹಿಟ್ಟು ಹಾಕುವಾಗ ಕೈ ತಪ್ಪಿ ಇಬ್ಬರಿಗಾಗುವಷ್ಟು ಬೀಳುತ್ತಿತ್ತು. ಮಿಕ್ಕ ಮುದ್ದೆಯನ್ನು ಹಸುವಿಗೆ ಹಾಕುವಾಗ, ಈಗ ಅವಳು ಏನು ಉಂಡಿರುತ್ತಾಳೋ ಎಂದುಕೊಳ್ಳುತ್ತಿದ್ದೆ.

ಐದನೇ ತಿಂಗಳಿನಲ್ಲಿ ಅವಳಿಗೆ ಮಡಿಲು ತುಂಬಿದರು. ನಾನು ಗಂಡನಿಲ್ಲದವಳು, ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅಕ್ಕಪಕ್ಕದ ಮುತ್ತೈದೆಯರು ಒಬ್ಬೊಬ್ಬರಾಗಿ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿದರು. ಹಾಗೆ ನಡೆದುಕೊಂಡು ಬಂದ ಪದ್ಧತಿ, ಯಾರ ಮೇಲೂ ನನಗೆ ಬೇಸರವಿರಲಿಲ್ಲ. ಆದರೆ ನನ್ನ ಕೈ ಕೇಳಬೇಕಲ್ಲ. ನನ್ನ ಪಾಲಿಗೆ ಉಳಿದದ್ದು ಬಯಕೆಯ ಬುತ್ತಿಯೊಂದೇ. ಬಸುರಿ ಮಗಳು ಆಸೆಪಟ್ಟದ್ದನ್ನು ತವರಿನಲ್ಲಿ ಮಾಡಿ ಹೊತ್ತುಕೊಂಡು ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಆರನೇ ತಿಂಗಳು ಬಂದಾಗ ಕಜ್ಜಾಯ, ಹುಳಿಯನ್ನ, ಹುರಿದ ಅವರೆಕಾಳು, ಎಳ್ಳಿನ ಚಿಗಳಿ ಎಲ್ಲ ಮಾಡಿಕೊಂಡು ಚಾಮರಾಜನಗರದಲ್ಲಿ ಬಸ್ಸು ಹತ್ತಿದೆ. ತೆರಕಣಾಂಬಿಯಲ್ಲಿ ಜನ ತುಂಬಿಕೊಂಡರು. ಯಾರಾದರೂ ತುಳಿದಾರೆಂದು ಕುಕ್ಕೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆ.

ಹೋಗಿ ನೋಡಿದರೆ ಗೌರಿ ಗೋಡೆಗೆ ಒರಗಿ ಕೂತಿದ್ದಾಳೆ. ಎಡಗೆನ್ನೆ ಕಿವಿಯ ತನಕ ಊದಿದೆ, ಅದರ ಮೇಲೆಲ್ಲ ಹಸಿರು ಹಳದಿ ಲೇಪ.

"ಏನ್ ಮಗಾ ಇದು?" ಎಂದೆ. ಅವಳು ಹಲ್ಲು ಬಿಡಿಸದೆ "ಊಂ" ಎಂದಳು, ಕಣ್ಣು ತುಂಬಿಕೊಂಡಿತು.

ಅವಳ ಅತ್ತೆ ಒಳಗಿನಿಂದ ಬಂದರು. "ಮಂಗನಬಾವು ಕಣ್ ಬೀಗಿತ್ತಿ. ಬೇವು, ಅರಿಸಿನ ಅರ‍್ದು ಹಚ್ಚಿವ್ನಿ. ತಾನೇ ಇಳೀತದ ಬುಡಿ. ಬಸುರಿ ಹೆಂಗ್ಸ ಡಾಕ್ಟ್ರತ್ರ ಕರ‍್ಕಂಡ್ ಓದ್ರ ಸೂಜಿ ಚುಚ್ಚಿ ಇನ್ನೊಂದ್ ಮಾಡ್ಬುಟ್ಟಾರು."

ಆಕೆ ಕೆಟ್ಟವರಲ್ಲ. ನಮ್ಮ ಕಡೆ ಕೆನ್ನೆ ಊದಿದರೆ ಯಾರೂ ಹಾಗೆಯೇ ತಿಳಿಯುವುದು, ಹಾಗೆಯೇ ಲೇಪ ಹಾಕುವುದು. ನಾನೂ ಒಪ್ಪಿಕೊಂಡೆ. ಕಜ್ಜಾಯವನ್ನು ಉಗುರಿನಷ್ಟು ಮುರಿದು ಅವಳ ತುಟಿಯೊಳಗೆ ಇಡಲು ನೋಡಿದೆ. ಹಲ್ಲುಗಳ ನಡುವೆ ಅದಕ್ಕೂ ಜಾಗವಿರಲಿಲ್ಲ. ಅವಳು ಆ ಚೂರನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾನೇ ಮಡಿಸಿದಳು. ತುಂಬಿದ ಕುಕ್ಕೆಯನ್ನು ಅಲ್ಲೇ ಬಿಟ್ಟು ಸಂಜೆಯ ಬಸ್ಸಿಗೆ ಊರಿಗೆ ಬಂದೆ.

ಬಾವು ಇಳಿಯಲಿಲ್ಲ. ಅಳಿಯಂದಿರು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದರೆ ಒಂದೆರಡು ದಿನ ಇಳಿದಂತಾಗಿ ಮತ್ತೆ ಏರುತ್ತಿತ್ತು. ಜ್ವರ ಬರತೊಡಗಿತು. ಚಮಚದಲ್ಲಿ ಗಂಜಿಯನ್ನು ಕೆನ್ನೆಯ ಸಂದಿಗೆ ಬಿಡುತ್ತಿದ್ದರು. ಅರ್ಧ ಹೊರಗೆ ಸುರಿಯುತ್ತಿತ್ತು. ತೂಕ ನೋಡಿದ ನರ್ಸಮ್ಮ, "ತಾಯಿ ಹಿಂಗೆ ಉಪವಾಸ ಇದ್ರೆ ಕೂಸು ಬೆಳೆಯೋದು ಹೆಂಗಮ್ಮ?" ಎಂದರಂತೆ. ಅದನ್ನು ಕೇಳಿದ ಮೇಲೆ ಮನೆಯಲ್ಲಿ ನನ್ನ ಪಾಲಿನ ಮುದ್ದೆಯನ್ನೂ ಹಸುವಿಗೇ ಹಾಕಿದೆ.

ಸೋಮವಾರದ ಒಪ್ಪತ್ತಿನ ದಿನ ಮಾದಪ್ಪನ ಪಟದ ಮುಂದೆ ಕೂತು ಹೇಳಿಕೊಂಡೆ: "ಅಪ್ಪಾ, ಇವಳ ಬಾಯಿ ಬಿಡಿಸು. ನನ್ನ ಬಾಯಿಂದಲೇ ನಿನ್ನ ಕೋರಣ್ಯ ಬೇಡುತ್ತೇನೆ."

ಕೋರಣ್ಯವೆಂದರೆ ಜೋಳಿಗೆ ಹಾಕಿಕೊಂಡು ಮನೆಮನೆಯ ಮುಂದೆ ಮಾದಪ್ಪನ ಹೆಸರು ಕೂಗಿ ಭಿಕ್ಷೆ ಎತ್ತುವುದು. ಬಂದ ಅಕ್ಕಿಯಲ್ಲಿ ಅನ್ನ ಮಾಡಿ ಹತ್ತು ಜನಕ್ಕೆ ಬಡಿಸಬೇಕು. ಅದಕ್ಕೆ ಪರ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಅದನ್ನು ಮಾಡುತ್ತಿದ್ದವರು ನಿಮ್ಮ ತಾತ. ಅವರ ಕೂಗು ಬೀದಿಯ ಕೊನೆಯಿಂದ ಕೇಳಿಸುತ್ತಿತ್ತು, ನಾನು ಬಾಗಿಲ ಹಿಂದೆ ನಿಂತು ಆಲಿಸುತ್ತಿದ್ದೆ. ಪೆಟ್ಟಿಗೆಯಿಂದ ಅವರ ಜೋಳಿಗೆ ತೆಗೆದು ಹೆಗಲಿಗೆ ಹಾಕಿಕೊಂಡರೆ ಮೊಣಕಾಲು ಮುಟ್ಟಿತು. ಅವರ ಎತ್ತರಕ್ಕೆ ಹೊಲಿದದ್ದು. ಆ ಹೊತ್ತು ಅವರು ಬೇಕಾಗಿತ್ತು ಅಂತ ಅನಿಸಿದಷ್ಟು ಇನ್ನೆಂದೂ ಅನಿಸಿಲ್ಲ. ಗಂಟು ಹಾಕಿ ಗಿಡ್ಡ ಮಾಡಿಕೊಂಡೆ.

ಮಗಳಿಗಾಗಿ ಹೊತ್ತ ಹರಕೆ, ಮಗಳಿರುವ ಊರಲ್ಲೇ ಎತ್ತುವುದೆಂದು ಗುಂಡ್ಲುಪೇಟೆಗೆ ಹೋದೆ. ಜೋಳಿಗೆ ಕಂಡು ಬೀಗಿತ್ತಿಯ ಮುಖ ಸಣ್ಣಗಾಯಿತು.

"ಎತ್ತಿ, ಬ್ಯಾಡ ಅನ್ನಕಿಲ್ಲ. ಆದ್ರ ನಮ್ಮ ಬೀದೀಲಿ ಬ್ಯಾಡಿ. ಮಂಡಿಯವ್ರ ಬೀಗಿತ್ತಿ ಭಿಕ್ಷಕ್ ಬಂದವ್ಳ ಅಂತ ಆಡ್ಕತಾರ. ಕೇರಳದ ರೋಡ್ ಕಡೆ ಹೊಸ ಮನೆಗಳು ಎದ್ದವಲ್ಲ, ಅಲ್ಲಿ ನಮ್ಮ ಗುರುತಿನೋರು ಯಾರೂ ಇಲ್ಲ. ಅತ್ಲಾಗಿ ಓಗಿ."

ನನಗೂ ಅದೇ ಬೇಕಾಗಿತ್ತು. ಹೋದೆ. ಮೊದಲ ಮನೆಯ ಮುಂದೆ ನಿಂತರೆ ಸ್ವರವೇ ಹೊರಡಲಿಲ್ಲ. ಗಿಡಕ್ಕೆ ನೀರು ಹಾಕುತ್ತಿದ್ದ ಹೆಂಗಸು ತಿರುಗಿ ನೋಡಿದರು.

"ಯಾರವ್ವ? ಏನ್ ಮಾರಕ್ ಬಂದಿದ್ದೀಯೆ?"

"ಕೋರಣ್ಯ..."

"ಯಾವ ದೇವ್ರದು?"

"ಮಾದಪ್ಪನ್ದು."

"ಮಾದಪ್ಪನ ಹೆಸ್ರ ಹಿಂಗ ಗುಸುಗುಸು ಅಂದ್ರಾಯ್ತದ? ಅವ್ನು ಏಳು ಮಲೆ ಆಚ್ಗ ಕೂತವ್ನ. ಗಟ್ಟಿಯಾಗಿ ಕೂಗು ಕಣವ್ವ, ಕೇಳಿಸ್ಬೇಕಲ್ಲ!" ಎಂದು ನಕ್ಕು, ಮೊರದ ತುಂಬ ಅಕ್ಕಿ ತಂದು ಸುರಿದರು.

ಪಕ್ಕದ ಮನೆಯ ಮುಂದೆ ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿ ಕೂಗಿದೆ. ಅದು ನನ್ನ ದನಿಯೇ ಎಂದು ನನಗೇ ಅನುಮಾನವಾಯಿತು. ಬಾಗಿಲು ತೆರೆದವರು ಕೇರಳದ ಕಡೆಯ ಹೆಣ್ಣುಮಗಳು, ಗೌರಿಗಿಂತ ಸ್ವಲ್ಪ ದೊಡ್ಡವರು, ಇನ್ನೂ ಒದ್ದೆ ಕೂದಲು.

ಕೋರಣ್ಯಕ್ಕೆ ಬಂದವರನ್ನು ಯಾಕೆಂದು ಕೇಳುವ ರೂಢಿ ನಮ್ಮಲ್ಲಿಲ್ಲ. ನೀಡುತ್ತಾರೆ, ವಿಭೂತಿ ಇಡಿಸಿಕೊಳ್ಳುತ್ತಾರೆ, ಒಳಗೆ ಹೋಗುತ್ತಾರೆ. ಆಕೆಗೆ ಅದು ಗೊತ್ತಿಲ್ಲ. "ಯಾಕೆ ಅಮ್ಮಾ ಕೂಗೋದು? ಊಟ ಆಗ್ಲಿಲ್ಲವಾ? ಒಳಗೆ ಬನ್ನಿ" ಎಂದರು. ಕೂಗಿದ ಬಾಯಿ ಆಗಲೇ ಬಿಟ್ಟುಕೊಂಡಿತ್ತಲ್ಲ, ಅಳು ಬಂದು ಎಲ್ಲವನ್ನೂ ಹೇಳಿಬಿಟ್ಟೆ.

ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. "ಮಗಳಿಗೆ ವಯಸ್ಸು ಎಷ್ಟು?"

"ಇಪ್ಪತ್ತೆರಡು."

"ಬಾಯಿಗೆ ಬೆರಳು ಹೋಗ್ತದಾ?"

"ಕಿರುಬೆರಳೂ ಓಗಕಿಲ್ಲ ತಾಯಿ. ಕಿವೀಗೂ ಎಳೀತದ ಅಂತ ಸನ್ನೆ ಮಾಡ್ತಾಳ."

"ಅಮ್ಮಾ, ಅದು ಮಂಗನಬಾವು ಅಲ್ಲ. ಬುದ್ಧಿಹಲ್ಲು. ಬರಲಿಕ್ಕೆ ಜಾಗ ಇಲ್ಲದೆ ಒಳಗೆ ಕೀವು ಮಾಡಿದೆ ಅಂತ ಕಾಣ್ತದೆ. ನಾನು ಹಲ್ಲಿನ ಡಾಕ್ಟರೇ. ಇವತ್ತೇ ಕರ್ಕೊಂಡು ಬನ್ನಿ."

ಇನ್ನೂ ಬೀದಿಯೆಲ್ಲ ಬಾಕಿ ಇತ್ತು. ಅರ್ಧಕ್ಕೆ ಬಿಟ್ಟು ಓಡಿದೆ. ಮಾದಪ್ಪ ತಪ್ಪೆಣಿಸಲಿಲ್ಲ. ಆಮೇಲೆ ಯೋಚಿಸಿದೆ: ಬೀಗಿತ್ತಿ ತಮ್ಮ ಬೀದಿ ಬೇಡ ಅನ್ನದೆ ಹೋಗಿದ್ದರೆ ಆ ಬಾಗಿಲಿಗೆ ನಾನು ಹೋಗುತ್ತಿರಲಿಲ್ಲ. ಆ ಡಾಕ್ಟರು ನಮ್ಮ ಕಡೆಯವರಾಗಿದ್ದರೆ ಅಕ್ಕಿ ಹಾಕಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇದನ್ನೆಲ್ಲ ಹೊಂದಿಸಿದವನು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಅಲ್ಲ ಬೀಗಿತ್ತಿ, ಅಕ್ಕಿ ತರಕ್ ಓದೋರು ಡಾಕ್ಟ್ರ ಹಿಡ್ಕಂಡ್ ಬಂದ್ರಲ್ಲ!" ಎಂದರು ಗೌರಿಯ ಅತ್ತೆ. ಹಾಗೆನ್ನುತ್ತಲೇ ಲೇಪವನ್ನು ಬಿಸಿನೀರಿನಲ್ಲಿ ತಾವೇ ಒರೆಸಿದರು.

ಡಾಕ್ಟರು ಮೊದಲು ಬಸುರಿಗೆ ಆಗುವಂಥ ಔಷಧಿಯನ್ನೇ ಕೊಟ್ಟು ಕೀವು ಇಳಿಸಿದರು. ಬಾಯಿ ಒಂದು ಬೆರಳಿನಷ್ಟು ಬಿಟ್ಟಿತು. ಚಾಮರಾಜನಗರದಲ್ಲಿ ಹೊಟ್ಟೆಯ ಮೇಲೆ ಸೀಸದ ಹೊದಿಕೆ ಹಾಕಿ ಹಲ್ಲಿನ ಎಕ್ಸ್‌ರೇ ತೆಗೆಸಿದೆವು. ಬೇರೆ ಹಲ್ಲೆಲ್ಲ ನೆಟ್ಟಗೆ ನಿಂತಿದ್ದರೆ ಆ ಒಂದು ಹಲ್ಲು ದವಡೆಯ ಮೂಳೆಯೊಳಗೆ ಅಡ್ಡಡ್ಡ ಮಲಗಿ ಮುಂದಿನ ಹಲ್ಲನ್ನು ಒದೆಯುತ್ತಿತ್ತು. ಬಲಗಡೆಯದೂ ಹಾಗೆಯೇ, ಆದರೆ ಅದು ಇನ್ನೂ ಸುಮ್ಮನಿತ್ತು. ಅದನ್ನು ಹೆರಿಗೆಯಾಗಿ ಕೂಸು ಹಾಲು ಬಿಟ್ಟ ಮೇಲೆ ತೆಗೆಸಿದ್ದು.

"ಇದನ್ನೂ ಹೆರಿಗೆ ಆದ್ಮೇಲೆ ತೆಗೆಸಿದ್ರಾಗಲ್ವಾ ಮೇಡಂ?" ಎಂದು ಅಳಿಯಂದಿರು ಹೆದರಿ ಕೇಳಿದರು.

"ಆಗ್ತದೆ. ಅಲ್ಲಿವರೆಗೆ ಇವಳು ಏನು ತಿನ್ನಬೇಕು, ನೀವೇ ಹೇಳಿ" ಎಂದರು ಡಾಕ್ಟರು. ಹೆರಿಗೆ ಡಾಕ್ಟರನ್ನೂ ಕೇಳಿ, ಈಗ ಮಾಡಬಹುದು ಎನಿಸಿಕೊಂಡೇ ದಿನ ಗೊತ್ತುಮಾಡಿದರು.

ದವಡೆ ಮರಗಟ್ಟಲು ಸೂಜಿ ಹಾಕಿ ಒಳಗೆ ಕರೆದುಕೊಂಡರು. "ಮೋಳೆ, ನೋವಾದ್ರೆ ಕೈ ಎತ್ತು, ಆಯ್ತಾ?" ಎಂದು ತಮ್ಮ ಭಾಷೆಯಲ್ಲಿ ಮಗಳೇ ಎಂದು ಕರೆದದ್ದು ಕೇಳಿಸಿತು. ಒಸಡು ಕೊಯ್ದು, ಸುತ್ತಲ ಮೂಳೆ ಸವೆದು, ಹಲ್ಲನ್ನು ತುಂಡು ಮಾಡಿ ತೆಗೆಯಬೇಕೆಂದು ಮೊದಲೇ ಹೇಳಿದ್ದರು. ಯಂತ್ರದ ಸದ್ದು ಬಾಗಿಲು ದಾಟಿ ಬರುತ್ತಿತ್ತು. ಹೊರಗಿನ ಬೆಂಚಿನಲ್ಲಿ ನಾನು ಮಾದಪ್ಪನನ್ನು ನೆನೆಯುತ್ತಿದ್ದೆ. ತಾಯಿಯನ್ನೂ ಕೂಸನ್ನೂ ನನಗೆ ಬಿಟ್ಟುಕೊಡು, ಬೇರೆ ಏನನ್ನೂ ಕೇಳುವುದಿಲ್ಲ ಎಂದೆ. ಪಕ್ಕದಲ್ಲಿದ್ದ ಬೀಗಿತ್ತಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅವರ ಬಳೆಯ ಗುರುತು ನನ್ನ ತೋಳಿನ ಮೇಲೆ ಬಿತ್ತು.

ಬಾಗಿಲು ತೆರೆಯಿತು. ಗೌರಿ ಹತ್ತಿ ಕಚ್ಚಿಕೊಂಡು ನಡೆದೇ ಬಂದಳು, ನಮ್ಮಿಬ್ಬರನ್ನೂ ನೋಡಿ ಹೊಟ್ಟೆಯ ಮೇಲೆ ಕೈಯಿಟ್ಟು ತಲೆಯಾಡಿಸಿದಳು. ಕೂಸು ಒದೆಯುತ್ತಿತ್ತಂತೆ. ಡಾಕ್ಟರು ತಟ್ಟೆಯಲ್ಲಿ ಹಲ್ಲಿನ ಚೂರುಗಳನ್ನು ತೋರಿಸಿದರು.

"ಇಷ್ಟೇ ಇಷ್ಟು ಇದ್ದದ್ದಾ? ನಮ್ಮನ್ನೆಲ್ಲ ಆಟ ಆಡಿಸ್ಬುಡ್ತಲ್ಲ ಮುಂಡೇದು!" ಎಂದು ಬೀಗಿತ್ತಿ ಬೈದರು.

ಹೊಲಿಗೆ ಬಿಚ್ಚಿದ ಮೇಲೂ ಬಾಯಿ ನಿಧಾನವಾಗಿಯೇ ಬಿಟ್ಟಿತು. ಗಂಜಿ, ಆಮೇಲೆ ಕಿವುಚಿದ ಮುದ್ದೆ. ಎಂಟನೇ ತಿಂಗಳಿನಲ್ಲಿ ಹೆರಿಗೆಗೆಂದು ಅವಳನ್ನು ನಮ್ಮ ಹಳ್ಳಿಗೆ ಕರೆದುಕೊಂಡು ಬಂದೆ. ಉಳಿದ ಮನೆಗಳ ಕೋರಣ್ಯವನ್ನು ಅಷ್ಟರಲ್ಲಿ ಎತ್ತಿ ಮುಗಿಸಿದ್ದೆ. ಆ ಅಕ್ಕಿಯಲ್ಲಿ ನಮ್ಮ ಮನೆಯ ಮುಂದೆ ಪರ ಮಾಡಿದೆವು.

ಪರದಲ್ಲಿ ಕೋರಣ್ಯ ಎತ್ತಿದವರೇ ಬಡಿಸಬೇಕು. ಅಲ್ಲಿ ಮುತ್ತೈದೆ, ಗಂಡನಿಲ್ಲದವಳು ಎಂಬುದಿಲ್ಲ. ಬೀಗಿತ್ತಿಯೂ ಸಾಲಿನಲ್ಲಿ ಕೂತು ಎಲೆ ಒಡ್ಡಿದರು. ಪಕ್ಕದಲ್ಲಿ ಗೌರಿ. ನಾನು ಅವಳ ಎಲೆಗೆ ಅನ್ನ ಹಾಕಿ, ಸಾರು ಬಿಟ್ಟು, ಮೊದಲ ತುತ್ತನ್ನು ಕಲಸಿ ಬಾಯಿಗಿಟ್ಟೆ. ಅವಳು ಪೂರ್ತಿ ಬಾಯಿ ತೆರೆದಳು. ಎಡಗಡೆಯಲ್ಲೇ ಅಗಿದಳು. ನುಂಗಿದಳು. ನಾನು ಸಟ್ಟುಗ ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತಿದ್ದೆ.

"ಅವ್ವಾ, ಉಪ್ಪು ಸಾಲ್ದು ಕಣವ್ವ" ಎಂದಳು.

"ಮಾದಪ್ಪನ ಅನ್ನಕ್ಕ ಹೆಸರಿಕ್ಕೀಯಾ? ಬಾಯಿ ಬಂದಿದ್ದೇ ತಡ ನೋಡು ಇವ್ಳ್ದು!" ಎಂದು ಅವಳ ಅತ್ತೆ ಗದರಿದರು. ಸಾಲಿನವರೆಲ್ಲ ನಕ್ಕರು, ಗೌರಿಯೂ ಬಾಯ್ತುಂಬ ನಕ್ಕಳು.

ಉಪ್ಪು ತರುತ್ತೇನೆಂದು ಒಳಗೆ ಹೋದವಳು ಬೇಗ ಬರಲಿಲ್ಲ. ಇದನ್ನು ಹೇಳಿಕೊಳ್ಳಲು ನಿಮ್ಮ ತಾತ ಇರಲಿಲ್ಲ. ಮಾದಪ್ಪನ ಪಟ ಇತ್ತು. ಅವನಿಗೇ ಹೇಳಿದೆ: "ಅಪ್ಪಾ, ನನ್ನ ಮಗಳಿಗೆ ರುಚಿ ತಿಳಿಯಿತು." ಆವತ್ತಿನಿಂದ ಇವತ್ತಿನವರೆಗೆ ಅವನನ್ನು ಅನುಮಾನಿಸುವ ಗಳಿಗೆ ನನಗೆ ಬಂದಿಲ್ಲ. ಆಗ ಹೊಟ್ಟೆಯೊಳಗಿದ್ದದ್ದು ನಿಮ್ಮಲ್ಲಿ ದೊಡ್ಡವಳು. ಅವನು ಉಳಿಸಿಕೊಟ್ಟ ಕೂಸು ಎಂದು ಅವಳು ತಿಳಿದಿರಲಿ.

ಹೊರಗಿನಿಂದ ಗೌರಿ ಕೂಗುತ್ತಿದ್ದಳು, "ಅವ್ವಾ, ಎಲ್ಲಿ ಓದೆ? ಇನ್ನೊಂದ್ ಚೂರು ಅನ್ನಾನೂ ತಕ್ಕಂಬಾ." ನಾನು ಎರಡು ಕೈಯಲ್ಲೂ ತೆಗೆದುಕೊಂಡು ಹೋದೆ.