ಮೂರು ತಿಂಗಳ ಚೀಲ, ಎರಡು ಉಂಡೆ ಕೊಬ್ಬರಿ

ನಮ್ಮಮ್ಮ ಕೋಪ ಬಂದರೆ ಬೈಯುವುದಿಲ್ಲ. ಬೈದರೆ ಅಲ್ಲಿಗೆ ಮುಗಿದುಹೋಗುತ್ತಲ್ಲ! ಆ ವಿಷಯವನ್ನೇ ಮನೆಯಿಂದಾಚೆ ಹಾಕಿ ಕದ ಮುಚ್ಚಿಬಿಡುತ್ತಾಳೆ. ನಾನು ಮೂರು ತಿಂಗಳು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಅಂತ ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಸುತ್ತಿ ಬರುತ್ತೇನೆ ಎಂದ ದಿನ ಅವಳು ಮುದ್ದೆ ಕಟ್ಟುತ್ತಿದ್ದಳು. ಕಟ್ಟಿದ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, "ಸಾರಿಗೆ ಉಪ್ಪು ಸಾಕಾ ನೋಡು" ಅಂದಳು. ಅಷ್ಟೇ. ಅಪ್ಪ ನನ್ನ ಮುಖ ನೋಡಿದರು, ಅತ್ತಿಗೆ ಅಪ್ಪನ ಮುಖ ನೋಡಿದಳು. ಉಪ್ಪು ಸಾಕಾಗಿತ್ತು.

ನನಗಾಗ ನಲವತ್ತೊಂದು. ತುರುವೇಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅಂತ ಬೋರ್ಡಿನಲ್ಲಿದ್ದರೂ ಮುಖ್ಯ ಕೆಲಸ ಅರ್ಜಿ ತುಂಬುವುದು. ಪಹಣಿ, ಪಿಂಚಣಿ, ರೇಷನ್ ಕಾರ್ಡು, ಪಾಸ್‌ಪೋರ್ಟು. ಹದಿನಾಲ್ಕು ವರ್ಷದಲ್ಲಿ ಎಷ್ಟು ಜನರ ಪಾಸ್‌ಪೋರ್ಟ್ ಅರ್ಜಿ ತುಂಬಿದ್ದೇನೋ ನನಗೇ ಗೊತ್ತಿಲ್ಲ. ಒಂದು ಮಧ್ಯಾಹ್ನ ಕರೆಂಟು ಬಂದು ಗಿರಾಕಿ ಬಾರದೆ ಕೂತಿದ್ದಾಗ ನನ್ನದೇ ಒಂದು ತುಂಬಿಬಿಟ್ಟೆ. ಶುರುವಾಗಿದ್ದು ಹಾಗೆ. ಮದುವೆ ಆಗಿರಲಿಲ್ಲ. ಅದಕ್ಕೇನೂ ದೊಡ್ಡ ಕಥೆ ಇಲ್ಲ. ಬಂದ ಗಂಡುಗಳು ನನಗೆ ಹಿಡಿಸಲಿಲ್ಲ, ಹಿಡಿಸಿದ ಒಬ್ಬನಿಗೆ ನಾನು ಹಿಡಿಸಲಿಲ್ಲ, ಆಮೇಲೆ ಎಲ್ಲರಿಗೂ ಬೇಜಾರಾಯಿತು. ಅಪ್ಪ ಅಮ್ಮ, ಅಣ್ಣ ಅತ್ತಿಗೆ, ನಾನು, ತೋಟ, ಎರಡು ಹಸು. ಮನೆ ತುಂಬಿಯೇ ಇತ್ತು.

ಮೂರನೆಯ ದಿನ ಅಮ್ಮ ಬಾಯಿ ಬಿಟ್ಟಳು. ನಾನು ಅಂಗಡಿಗೆ ಹೋಗುವ ಬಸ್ಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

"ಹೆಣ್ಣುಮಕ್ಳು ಮನೆ ಬುಟ್ಟು ಹೊಂಟ್ರೆ ಒಂದು ಮನೆಗೆ ಅಂತ ಹೋಗ್ತಾರೆ. ನಿಮ್ಮಕ್ಕಂದಿರು ಹೋದ್ರು. ನೀನು ಯಾರ ಮನೆಗೆ ಹೋಗ್ತಿದ್ದೀಯ?"

ಊರೂರಿನ ಹಾಸ್ಟೆಲ್‌ಗಳಲ್ಲಿ ಮಲಗುತ್ತೇನೆ, ಒಂದು ರೂಮಿನಲ್ಲಿ ಎಂಟು ಮಂಚ ಇರುತ್ತವೆ ಅಂತ ಹೇಳಿದ್ದರೆ ಅವಳ ಎದೆ ಒಡೆದುಹೋಗುತ್ತಿತ್ತು. ಚಪ್ಪಲಿ ಮೆಟ್ಟಿ ಹೊರಟೆ. ಹೊರಡುವಾಗ ನೆನಪಾಯಿತು, ಅವತ್ತು ಅವಳು "ಹೋಗ್ಬುಟ್ಟು ಬಾ" ಅಂದಿರಲಿಲ್ಲ.

ನಮ್ಮ ಕಡೆ ಯಾರೂ 'ಹೋಗು' ಅಂತ ಕಳಿಸುವುದಿಲ್ಲ. ಅಂಗಡಿಗೆ ಬೆಂಕಿಪೊಟ್ಟಣ ತರಲು ಹೊರಟರೂ 'ಹೋಗ್ಬುಟ್ಟು ಬಾ'. ಅಮ್ಮ ಹಾಲಿನ ಗಾಡಿಯವನಿಗೂ ಹಾಗಂದೇ ಕಳಿಸುತ್ತಾಳೆ. ಅವನು ಮತ್ತೆ ಸಂಜೆ ಬರುವವನೇ, ಆದರೂ. ನನಗೆ ಅವಳ ದುಡ್ಡು ಬೇಕಿರಲಿಲ್ಲ, ಅಪ್ಪಣೆಯೂ ಬೇಕಿರಲಿಲ್ಲ, ಆ ಒಂದು ಮಾತು ಬೇಕಿತ್ತು. ಅದಿಲ್ಲದೆ ಹೊರಟರೆ ಮೂರು ತಿಂಗಳೂ ಯಾವ ಊರಲ್ಲಿ ಕೂತರೂ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅಷ್ಟರಲ್ಲಿ ನಾನು ತರಿಸಿದ್ದ ಚೀಲ ಬಂತು. ಬೂದು ಬಣ್ಣ, ಸೊಂಟಕ್ಕೊಂದು ಪಟ್ಟಿ, ಎದೆಗೊಂದು ಪಟ್ಟಿ, ಎಣಿಸಲಾರದಷ್ಟು ಜಿಪ್ಪು. ಹೊರಡುವುದಕ್ಕೆ ಮೊದಲು ಭಾರ ಹೊತ್ತು ನಡೆದು ಅಭ್ಯಾಸ ಮಾಡಿ ಅಂತ ಇಂಟರ್‌ನೆಟ್ಟಿನಲ್ಲಿ ಎಲ್ಲಾ ಕಡೆ ಬರೆದಿದ್ದರು. ಬೇರೆ ಊರಿನವರು ಚೀಲಕ್ಕೆ ಪುಸ್ತಕ ತುಂಬುತ್ತಾರಂತೆ, ನೀರಿನ ಬಾಟಲಿ ತುಂಬುತ್ತಾರಂತೆ. ನಮ್ಮ ಮನೆಯಲ್ಲಿ ಭಾರ ಅಂದರೆ ಒಂದೇ. ಅಟ್ಟದ ಕೆಳಗೆ, ಗಾಣಕ್ಕೆ ಅಂತ ತೆಗೆದಿಟ್ಟ ಚೂರು ಕೊಬ್ಬರಿಯ ಮೂಟೆ ಇತ್ತು. ಸುಲಿದು ಒಡೆಯುವಾಗ ಉಂಡೆಯಾಗಿ ಉಳಿಯದೆ ಚೂರಾದದ್ದು. ಹತ್ತು ಕೆಜಿ ಅಳೆದು, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಲದೊಳಗೆ ಇಳಿಸಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ದಿನಾ ಬೆಳಗ್ಗೆ ಐದು ಕಿಲೋಮೀಟರ್ ಕಿಬ್ಬನಹಳ್ಳಿ ಕ್ರಾಸ್‌ವರೆಗೆ ನಡಿಗೆ, ಅಲ್ಲೊಂದು ಟೀ, ವಾಪಸ್. ಮೊದಲನೆಯ ದಿನ ದಾರಿಯುದ್ದಕ್ಕೂ ಬೈಕುಗಳು ನಿಂತವು. "ಬಾರವ್ವ, ಬುಡ್ತೀನಿ." "ಬಸ್ಸು ಹೋಯ್ತಾ?" "ಅಣ್ಣನ ಜೊತೆ ಜಗಳ ಆಯ್ತಾ?" ನಡೆಯುವುದಕ್ಕೇ ನಡೆಯುತ್ತಿದ್ದೇನೆ ಅಂದರೆ ಯಾರೂ ನಂಬಲಿಲ್ಲ. ಟೀ ಅಂಗಡಿಯ ಯಜಮಾನರಂತೂ ಚೀಲದ ಬಾಯಿ ಇಣುಕಿ ನೋಡಿ, "ಅಯ್ಯೋ ಶಿವನೇ, ಚೂರು ಕೊಬ್ಬರಿನಾ? ಇದನ್ನ ಹೊತ್ಕೊಂಬಂದು ಮಾರೋದಾ? ಮಂಡಿಯವರು ಗಾಡಿ ಕಳಿಸ್ತಾರೆ ಕಣವ್ವ" ಅಂದರು. ಮಾರಕ್ಕಲ್ಲ, ವಾಪಸ್ ಹೊತ್ಕೊಂಡ್ ಹೋಗಕ್ಕೆ ಅಂದೆ. ಅವರು ಟೀ ಲೋಟ ನನ್ನ ಮುಂದಿಟ್ಟು, ಸಕ್ಕರೆ ಡಬ್ಬಿಗೆ ಕೈ ಹಾಕಿದರು. ಆಮೇಲಿಂದ ದಿನಾ ಸಕ್ಕರೆ ಒಂದು ಚಮಚ ಜಾಸ್ತಿ ಹಾಕುತ್ತಿದ್ದರು, ಪಾಪ ಅಂತ.

ಆ ನಡಿಗೆಯಲ್ಲಿ ನಾನು ತುಂಬಾ ಸಂತೋಷವಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಎರಡೂ ಕಡೆ ತೆಂಗಿನ ತೋಟ, ಬೆನ್ನ ಮೇಲೆ ಹತ್ತು ಕೆಜಿ, ಸೊಂಟದ ಪಟ್ಟಿ ಬಿಗಿದರೆ ಭಾರವೇ ಗೊತ್ತಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡಿದ್ದ ದಾರಿಯಲ್ಲಿ ಎಷ್ಟೊಂದು ಬಾವಿಗಳಿವೆ ಅಂತ ಗೊತ್ತಾದದ್ದೇ ಆಗ. ಎರಡು ವಾರ ಹೀಗೆ ಕಳೆಯಿತು. ವಾಪಸ್ ಬಂದ ಮೇಲೆ ಚೀಲವನ್ನು ಜಗಲಿಯ ಮೂಲೆಯಲ್ಲಿ ಇಡುತ್ತಿದ್ದೆ. ಮಧ್ಯಾಹ್ನ ಅಲ್ಲಿ ಸುಡುಬಿಸಿಲು ಬೀಳುತ್ತದೆ. ಒಳಗೆ ಕವರು ಯಾವಾಗ ಹರಿದಿತ್ತೋ ನಾನು ನೋಡಿರಲಿಲ್ಲ.

ಒಂದು ಭಾನುವಾರ ಬಟ್ಟೆ ತುಂಬಿ ನೋಡೋಣ ಅಂತ ಚೀಲ ಬರಿದು ಮಾಡಿದರೆ, ತಳ ಪೂರ್ತಿ ಎಣ್ಣೆ! ಬೂದು ಬಣ್ಣ ಹೋಗಿ ಕಪ್ಪಾಗಿತ್ತು. ಕಮಟು ವಾಸನೆ. ಸೊಂಟದ ಪಟ್ಟಿಯ ಸ್ಪಂಜಿನೊಳಗೆ ಕೆಂಜಿರುವೆ ಸಂಸಾರ ಹೂಡಿದ್ದವು. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದು, ಕೊಬ್ಬರಿ ಬಿಸಿಲಿಗೆ ಎಣ್ಣೆ ಬಿಡುತ್ತೆ ಅನ್ನುವುದು ಹೊಳೆಯಲಿಲ್ಲವಲ್ಲ, ನನ್ನ ತಲೆಗಿಷ್ಟು! ಹೊರಡಲು ಹನ್ನೊಂದು ದಿನ ಇತ್ತು. ನಲ್ಲಿಯ ಹತ್ತಿರ ಕೂತು ಸೋಪಿನ ಪುಡಿ ಸುರಿದು ತಿಕ್ಕಿದೆ. ತಿಕ್ಕಿದಷ್ಟೂ ಹರಡಿತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಏನೇ ಇದು, ಗಾಣದ ಗೋಣಿ ಆಗೈತಲ್ಲ!"

ಚೀಲದ ಬಗ್ಗೆ ಅವಳು ಆಡಿದ ಮೊದಲ ಮಾತು ಅದು.

"ಕೊಬ್ಬರಿ ಎಣ್ಣೆಗೆ ಯಾರಾದ್ರೂ ಸೋಪ್‌ಪುಡಿ ಹಾಕ್ತಾರಾ? ಇತ್ಲಾಗ್ ಕೊಡು. ಅರ್ಜಿ ತುಂಬೋದು ಬುಟ್ರೆ ಇನ್ನೇನ್ ಬತ್ತದೆ ನಿಂಗೆ?"

ಕಡಲೆಹಿಟ್ಟು ಉದುರಿಸಿ ಒಂದು ಗಂಟೆ ಬಿಟ್ಟಳು, ಅದು ಎಣ್ಣೆ ಹೀರಿಕೊಂಡಿತು. ಕೊಡವಿ, ಸೀಗೆಪುಡಿ ಕಲಸಿ ಬಳಿದು, ಬಿಸಿನೀರು ಹುಯ್ದು, ಬ್ರಶ್ಶಿನಲ್ಲಿ ಮೂಲೆ ಮೂಲೆ ಉಜ್ಜಿದಳು. ಮಾರನೆಯ ದಿನ ಮತ್ತೊಂದು ಸಲ. ಅತ್ತಿಗೆ, "ನಂಗೂ ಯಾವತ್ತೂ ಹಿಂಗೆ ಎಣ್ಣೆನೀರು ಹಾಕ್ಲಿಲ್ಲ ಕಣತ್ತೆ ನೀವು" ಅಂದಳು. ಅಮ್ಮ ನಗಲಿಲ್ಲ, ಆದರೆ ಜಿಪ್ಪುಗಳನ್ನು ಒಂದೊಂದಾಗಿ ತೆಗೆದು ಹಾಕಿ ನೋಡುತ್ತಿದ್ದಳು. ಇದರಲ್ಲೇನು ಇಡ್ತೀಯ, ಅದರಲ್ಲೇನು ಇಡ್ತೀಯ ಅಂತ ಕೇಳಿದಳು. ಇದರಲ್ಲಿ ಮಾತ್ರೆ, ಇದರಲ್ಲಿ ಪಾಸ್‌ಪೋರ್ಟು ಅಂದೆ. "ಅಲ್ಲೂ ತೆಂಗೈತಂತಾ?" ಅಂದಳು. ವಿಯೆಟ್ನಾಂನಲ್ಲಿ ಬೇಕಾದಷ್ಟಿದೆ ಅಂದೆ. "ಅವರು ಅಟ್ಟದ ಮೇಲೆ ಹಾಕ್ತಾರಾ, ಇಲ್ಲಾ ಒಡ್ದು ಬಿಸಿಲಿಗೆ ಒಣಗಿಸ್ತಾರಾ ಕೇಳ್ಕೊಂಬಾ" ಅಂದಳು. ವರ್ಷ ಕಾಲ ಅಟ್ಟದ ಮೇಲೆ ಚಿಪ್ಪಿನೊಳಗೇ ಒಣಗಿದ್ದು ಮಾತ್ರ ಅವಳ ಲೆಕ್ಕದಲ್ಲಿ ಕೊಬ್ಬರಿ. ಕೇಳ್ಕೊಂಬಾ ಅಂದಳಲ್ಲ, ಇನ್ನೇನು ಆ ಮಾತೂ ಬಂದೇಬಿಡುತ್ತದೆ ಅಂತ ಕಾದೆ. ಬರಲಿಲ್ಲ. ಎದ್ದು ಹಸುವಿಗೆ ಹುಲ್ಲು ಹಾಕಲು ಹೋದಳು.

ಆ ವಾರವೇ ವಿಮಾನದಲ್ಲಿ ಏನೇನು ಒಯ್ಯಬಾರದು ಅನ್ನುವ ಪಟ್ಟಿ ಓದಿದೆ. ಪೆಟ್ರೋಲು, ಪಟಾಕಿ, ಜೊತೆಗೆ ಒಣ ಕೊಬ್ಬರಿ! ಎಣ್ಣೆ ಜಾಸ್ತಿ, ಬೆಂಕಿ ಹತ್ತಬಹುದಂತೆ. ಅಪ್ಪನಿಗೆ ಓದಿ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮಮ್ಮನ ಹತ್ರ ಹೇಳ್ಬ್ಯಾಡ ಕಣವ್ವ, ವಿಮಾನದ ಆಫೀಸಿಗೇ ಹೋಗಿ ಜಗಳ ತೆಗಿತಾಳೆ" ಅಂದರು. ನಾನೂ ಹೇಳಲಿಲ್ಲ. ನನಗೆ ಯಾರು ಕೊಬ್ಬರಿ ಕಟ್ಟಿಕೊಡುತ್ತಾರೆ ಅಂತಲೂ ಅನಿಸಿತು.

ಹಾಗೆ ಅನಿಸಿದ್ದಕ್ಕೊಂದು ಕಾರಣ ಇತ್ತು. ಹೆಣ್ಣುಮಗಳು ತವರಿನಿಂದ ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಎರಡು ಉಂಡೆ ಕೊಬ್ಬರಿ ಹಾಕಿ ಮಡಿಲು ತುಂಬುತ್ತಾರೆ. ಅವಳು ಮೂರು ಹಿಡಿ ಅಕ್ಕಿ ತವರಿಗೇ ವಾಪಸ್ ಹಾಕಿ, ಉಳಿದದ್ದನ್ನು ಗಂಡನ ಮನೆಗೆ ಒಯ್ದು ಪಾಯಸ ಮಾಡಬೇಕು. ಅಕ್ಕಂದಿರಿಬ್ಬರಿಗೂ ಬಂದಾಗಲೆಲ್ಲ ಅಮ್ಮ ತುಂಬಿ ಕಳಿಸಿದ್ದಾಳೆ. ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವ ಕೆಲಸ ಇಪ್ಪತ್ತು ವರ್ಷದಿಂದ ನನ್ನದು. ನನಗೆ ಅದೆಲ್ಲ ಬೇಡ ಅಂತ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಹೊರಡುವ ಬೆಳಗ್ಗೆ ಅಪ್ಪ ಕೊಬ್ಬರಿ ತೂಗುವ ಕೊಕ್ಕೆಗೆ ಚೀಲ ನೇತುಹಾಕಿದರು. ಒಂಬತ್ತೂವರೆ ಕೆಜಿ. ಮೂರು ಜೊತೆ ಬಟ್ಟೆ, ಒಂದು ಮಳೆ ಕೋಟು, ಚಾರ್ಜರು, ಮಾತ್ರೆ, ಅತ್ತಿಗೆ ಕಟ್ಟಿದ ಚಟ್ನಿಪುಡಿ. ವಾಸನೆ ನೋಡಿದೆ, ಸೀಗೆಕಾಯಿಯದ್ದು ಮಾತ್ರ. ಅಣ್ಣ ಕ್ರಾಸ್‌ವರೆಗೆ ಬಿಡಲು ಬೈಕು ತೆಗೆದ. ಅಮ್ಮ ಕಾಣಲಿಲ್ಲ.

"ಬಾ ಇಲ್ಲಿ" ಅಂತ ದೇವರಮನೆಯಿಂದ ಕೂಗಿದಳು.

ಮಣೆ ಹಾಕಿತ್ತು. ನಾನು ಪ್ಯಾಂಟು ಶರ್ಟಿನಲ್ಲಿದ್ದೆ, ಸೆರಗೆಲ್ಲಿಂದ ಬರಬೇಕು? ತನ್ನ ಹಳೆಯ ಒಂದು ರೇಷ್ಮೆ ಸೀರೆಯನ್ನು ನನ್ನ ಹೆಗಲ ಮೇಲಿಂದ ತಂದು ಮಡಿಲಿಗೆ ಹರಡಿದಳು. ಹಣೆಗೆ ವಿಭೂತಿ ಹಚ್ಚಿದಳು. ಅಕ್ಕಿ ಹಾಕಿದಳು, ಬೆಲ್ಲದಚ್ಚು, ಎಲೆ ಅಡಿಕೆ, ಆಮೇಲೆ ಎರಡು ಉಂಡೆ ಕೊಬ್ಬರಿ. ಒಂದೂ ಕಲೆಯಿಲ್ಲದವು, ಮೂಟೆಗಟ್ಟಲೆ ಕೊಬ್ಬರಿಯಲ್ಲಿ ಆರಿಸಿ ತೆಗೆದಂಥವು. ಈ ಸಲ ತಟ್ಟೆ ಹಿಡಿದಿದ್ದವಳು ಅತ್ತಿಗೆ. ನನಗೆ ಬೇಕಿತ್ತು. ಇಷ್ಟು ವರ್ಷವೂ ಇದು ನನಗೆ ಬೇಕಿತ್ತು.

ಮೂರು ಹಿಡಿ ಅಕ್ಕಿ ವಾಪಸ್ ಹಾಕಿದೆ. ಆಮೇಲೆ ಹೇಳಲೇಬೇಕಾಯಿತು.

"ಅಮ್ಮ, ವಿಮಾನದಲ್ಲಿ ಕೊಬ್ಬರಿ ಬುಡಲ್ಲ."

"ಯಾವನಂದಿದ್ದು?"

"ರೂಲ್ಸ್ ಅಮ್ಮ. ಬೆಂಕಿ ಹತ್ತುತ್ತಂತೆ."

ಅಮ್ಮ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ನೋಡಿದಳು. ಅವರು ಮೇಲೆ ತೊಲೆ ನೋಡುತ್ತಿದ್ದರು. "ವರ್ಷಾನುಗಟ್ಲೆ ಅಟ್ಟದ ಮೇಲಿತ್ತು, ನನ್ನ ಮನೆ ಹತ್ಕೊಂತಾ?" ಅಂದಳು. ಎದ್ದುಹೋಗಿ ಈಳಿಗೆಮಣೆ ತಂದು, ಒಂದು ಕೊಬ್ಬರಿಯನ್ನು ಹೋಳು ಮಾಡಿ, ಹೆಚ್ಚಿ, ದೊಡ್ಡ ತುಂಡೊಂದನ್ನು ಬೆಲ್ಲದ ಜೊತೆ ನನ್ನ ಬಾಯಿಗೆ ತುರುಕಿದಳು.

"ತಿನ್ನು. ಹೊಟ್ಟೇಲಿಟ್ಕೊಂಡ್ ಹೋಗು. ಅದನ್ನ ಯಾವನು ಈಚೆಗೆ ತೆಗಿತಾನೆ ನೋಡಣ."

ನಾನು ಅಗಿಯುತ್ತಾ ಅಳುತ್ತಾ ಕೂತಿದ್ದೆ. ಅವಳು ನನ್ನ ಮಡಿಲಿನ ಅಕ್ಕಿ, ಬೆಲ್ಲ, ಇನ್ನೊಂದು ಕೊಬ್ಬರಿ ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಅಟ್ಟದ ಮೆಟ್ಟಿಲ ಮೇಲಿನ ಗೂಟಕ್ಕೆ ನೇತುಹಾಕಿದಳು.

"ಪಾಯಸ ಹೋದ ಮನೇಲಿ ಮಾಡ್ಬೇಕು ಕಣಮ್ಮ" ಅಂದೆ, ಬಾಯಿ ತುಂಬ ಕೊಬ್ಬರಿ ಇಟ್ಟುಕೊಂಡು.

"ನಿಂದು ಇದೇ ಮನೆ. ಮೂರು ತಿಂಗ್ಳು ಬುಟ್ಟು ಇಲ್ಲೇ ಮಾಡಣ" ಅಂದಳು. ಚೀಲ ಎತ್ತಿ ನನ್ನ ಬೆನ್ನಿಗೆ ತಾನೇ ಹಾಕಿ, ಸೊಂಟದ ಪಟ್ಟಿ ಎಳೆದು ಬಿಗಿದಳು. "ಹೋಗ್ಬುಟ್ಟು ಬಾ."