ಬೆನ್ನು ತೋರಿಸಿ ಇಡ್ಲಿ ತಿಂದವರ ಪಿಕ್ಚರು

ನನ್ನ ಮೊಮ್ಮಗಳು ಮಾಡಿದ ಪಿಕ್ಚರಿಗೆ ಅವಳ ಕಾಲೇಜಿನಲ್ಲಿ ಮೊದಲನೇ ಬಹುಮಾನ ಬಂತು. ಒಂಟಿಕೊಪ್ಪಲಿನ ಮನೆ ಸೇರುವಷ್ಟರಲ್ಲಿ ನಾನು ಆಟೋದವನಿಗೆ ಹೇಳಿದ್ದೆ, ಹೂವಿನವಳಿಗೆ ಹೇಳಿದ್ದೆ, ವಿಳಾಸ ಕೇಳಲು ನಿಂತ ಯಾರೋ ಪರವೂರಿನವರಿಗೂ ಹೇಳಿ ಕಳಿಸಿದ್ದೆ.

ಅದು ಕಥೆಯ ಪಿಕ್ಚರಲ್ಲ, ಡಾಕ್ಯುಮೆಂಟರಿ. ಇದ್ದದ್ದನ್ನು ಇದ್ದ ಹಾಗೇ ತೆಗೆಯುವುದಂತೆ. ಇದ್ದದ್ದು ಏನಪ್ಪಾ ಅಂದರೆ ನಾನು, ಮತ್ತೆ ನನ್ನ ಇಡ್ಲಿ ಗಾಡಿ. ಹೆಬ್ಬಾಳದ ಬಸ್ ಸ್ಟಾಪಿನ ಪಕ್ಕ, ಫ್ಯಾಕ್ಟರಿಯ ಮೊದಲ ಶಿಫ್ಟಿನವರು ಇಳಿಯುವ ಕಡೆ ನಾನು ಗಾಡಿ ಹಾಕುತ್ತೇನೆ.

ಅವಳ ತಂಡದಲ್ಲಿ ನಾಲ್ಕು ಜನ. ಉಳಿದ ಮೂವರಿಗೆ ಅರಮನೆಯ ದೀಪ ತೆಗೆಯುವ ಆಸೆ. ಇವಳು ಹಟ ಹಿಡಿದು ನಮ್ಮಜ್ಜಿಯ ಗಾಡಿಯೇ ಆಗಲಿ ಅಂದಳಂತೆ. ಕೆಟ್ಟರೆ ನಾಲ್ಕೂ ಜನದ ಮಾರ್ಕ್ಸು ಇವಳಿಂದಲೇ ಹೋಯಿತು ಅನ್ನುವ ಮಾತು ಬರುತ್ತಿತ್ತು. ಕ್ಯಾಮೆರಾ ಕಾಲೇಜಿನದು, ಪಿಕ್ಚರು ತೆಗೆದ ದಿನ ಮಧ್ಯಾಹ್ನವೇ ವಾಪಸು ಕೊಡಬೇಕಿತ್ತು.

ಯಾರೂ ಕ್ಯಾಮೆರಾ ನೋಡಬಾರದು, ದಿನಾ ತಿನ್ನುವ ಹಾಗೆ ತಿನ್ನಬೇಕು, ಇಷ್ಟು ಎಲ್ಲರಿಗೂ ಹೇಳಿಬಿಡಜ್ಜಿ ಅಂದಳು ಮೊಮ್ಮಗಳು. ನನ್ನ ಸೆರಗಿಗೆ ಗುಂಡಿಯಷ್ಟು ಮೈಕು ಸಿಕ್ಕಿಸಿದರು. ಬಸ್ಸಿಳಿದವರಿಗೆಲ್ಲ ನಾನು ಒಬ್ಬೊಬ್ಬರಾಗಿ ಹೇಳಿದೆ. ಅವರೋ, ನನ್ನ ಮಾತನ್ನು ಯಾವತ್ತೂ ಮೀರಿದವರಲ್ಲ. ತಟ್ಟೆ ಹಿಡಿದು ಎಲ್ಲರೂ ಕಾಂಪೌಂಡು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಕ್ಯಾಮೆರಾದ ಹುಡುಗ ಗೋಡೆಯ ಕಡೆ ಹೋದ. ಎಲ್ಲರೂ ರಸ್ತೆಯ ಕಡೆ ತಿರುಗಿದರು. ಈ ಕಡೆ ತಿರುಗ್ರಪ್ಪಾ ಅಂತ ನಾನು ಕೂಗಿದರೆ, ನೀವೇ ನೋಡಬೇಡಿ ಅಂದಿರಲ್ಲ ಅಂತ ನನಗೇ ತಿರುಗಿ ಹೇಳಿದರು. ಶಿಫ್ಟಿನ ಹೊತ್ತಾಯಿತು, ಕೈ ತೊಳೆದು ಹೊರಟೂ ಹೋದರು.

ಮೊಮ್ಮಗಳು ಫುಟ್‌ಪಾತಿನ ಮೇಲೆ ಕೂತಳು. "ಹೋಯ್ತು ಕಣಜ್ಜಿ. ಬರೀ ಬೆನ್ನೇ ಬಂದಿದೆ."

ಇಷ್ಟು ಹೇಳಿ ಅತ್ತೇಬಿಟ್ಟಳು. ನಾನು ಪಕ್ಕದಲ್ಲಿ ಕೂತು, ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಆ ಬೆನ್ನುಗಳನ್ನೇ ನೋಡಿದೆ. ಅವಳ ಅಳು ನಿಲ್ಲಿಸಬೇಕಿತ್ತು, ಅಷ್ಟೇ.

"ಬೆನ್ನಾದ್ರೇನೇ, ಗೊತ್ತಾಗಲ್ವಾ? ಈ ಬಿಳೀ ಶರ್ಟಿನೋನು ನೋಡು, ಹೊಸದಾಗಿ ಮಗು ಆಗೈತೆ, ನಿದ್ದೆ ಇಲ್ಲ, ನಿಂತ್ಕೊಂಡೇ ತೂಕಡಿಸ್ತಾನೆ. ಈ ಜಡೆಯವಳು ಎರಡು ತಿಂದು ಎರಡು ಡಬ್ಬಿಗಾಕ್ಕೊಂಬುಡ್ತಾಳೆ, ಮಧ್ಯಾಹ್ನದ ಊಟನೂ ಅದೇ. ಇವನೊಬ್ಬ ಮೂರು ಸಲ ಚಟ್ನಿ ಕೇಳ್ತಾನೆ. ಬೈದ್ರೆ ನಗ್ತಾನೆ, ಬೈಸ್ಕೊಳಕ್ಕೇ ಬರೋದು ಅವನು. ಮನೇಲಿ ಬಯ್ಯೋರಿಲ್ಲ ಪಾಪ, ಅಮ್ಮ ತೀರ್ಕೊಂಡವ್ಳೆ."

ಮೈಕು ಬಿಚ್ಚಿಕೊಳ್ಳಲು ಬಂದ ತಂಡದ ಹುಡುಗಿ ನನ್ನ ಸೆರಗು ಹಿಡಿದು ನಿಂತೇಬಿಟ್ಟಳು. ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ನಾನಾಡಿದ್ದೆಲ್ಲ ಅದರೊಳಗೆ ಸೇರಿತ್ತು. ಮೊಮ್ಮಗಳು ಕಣ್ಣೊರೆಸಿಕೊಂಡಳು.

"ಅಜ್ಜಿ, ಮುಂದಿನ ಬೆನ್ನು ಯಾರ್ದು, ಹೇಳು."

ಅದೇ ಪಿಕ್ಚರಾಯಿತು. ಕಾಲೇಜಿನ ದೊಡ್ಡ ಹಾಲಿನಲ್ಲಿ ಒಂದೊಂದೇ ಬೆನ್ನು ಪರದೆಯ ಮೇಲೆ ಬಂತು, ಜೊತೆಗೆ ನನ್ನ ಒರಟು ದನಿ. ಚಟ್ನಿಯವನಿಗೆ ಮೊದಲು ಎಲ್ಲರೂ ನಕ್ಕರು, ಅವನ ಅಮ್ಮನ ಮಾತಿಗೆ ನಗು ನಿಂತಿತು. ಶಿಫ್ಟು ಮುಗಿಸಿ ಬಂದಿದ್ದ ಅವನು ನನ್ನ ಪಕ್ಕದಲ್ಲೇ ಕೂತಿದ್ದ. ನನ್ನ ಕೈ ಹಿಡಿದುಕೊಂಡ.

ಬಹುಮಾನಕ್ಕೆ ಕರೆದಾಗ ಮೊಮ್ಮಗಳು ಮೂವರನ್ನೂ ಎಳೆದುಕೊಂಡೇ ಮೇಲೆ ಹೋದಳು. ನಮಗೆ ಕಂಡದ್ದು ಅವಳ ಬೆನ್ನು. ಬೆನ್ನು ನೋಡಿಯೇ ಗೊತ್ತಾಯಿತು ನನಗೆ, ಹುಡುಗಿ ನಗುತ್ತಾ ಅಳುತ್ತಿದ್ದಾಳೆ.

ಸಂಜೆ ಸೊಸೆ ಬಿಸಿಬೇಳೆಬಾತು, ಶ್ಯಾವಿಗೆ ಪಾಯಸ ಮಾಡಿದ್ದಳು. ಮಗ ಯಾವತ್ತೂ ಬಡಿಸಿದವನಲ್ಲ, ಅವತ್ತು ಸೌಟು ಹಿಡಿದು ಮೊದಲು ನನ್ನ ಎಲೆಗೇ ಹಾಕಿದ. ತಂಡದವರನ್ನೂ ಚಟ್ನಿಯವನನ್ನೂ ಬಿಡದೆ ಕರೆತಂದಿದ್ದೆವು. ಜಾಗ ಸಾಲದೆ ಹಜಾರದಲ್ಲಿ ಮಂಡಿಗೆ ಮಂಡಿ ತಾಗಿಸಿ, ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ಚಟ್ನಿಯವನು ಮೂರನೇ ಸಲ ಪಾಯಸ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಬೈದಳು. ಅವನು ನಗುತ್ತಾ ಲೋಟ ಮುಂದೆ ಮಾಡಿದ.