ನೀವೂ ಕೇಳ್ತಿದ್ರಲ್ಲ

ಊರೂರಿಗೂ ಮೊಬೈಲು ಬಂದಿದ್ದ ಆ ವರ್ಷಗಳಲ್ಲಿ ನಾನು ತಿ. ನರಸೀಪುರದ ಬ್ಯಾಂಕೊಂದರಲ್ಲಿ ಕ್ಲರ್ಕ್ ಆಗಿದ್ದೆ. ನಂಜನಗೂಡಿನಿಂದ ದಿನಾ ಬಸ್ಸು. ಕೌಂಟರಿನಲ್ಲಿ ಕೂರುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ಎಟಿಎಂ ಆಗಿನ್ನೂ ಹೊಸದು. ಕಾರ್ಡು ಹಿಡಿದು ಬಂದವರೆಲ್ಲ ನನ್ನನ್ನೇ ಕರೆಯುತ್ತಿದ್ದರು. ಹೇಳಿಕೊಡುವ ತಾಳ್ಮೆ ನನಗಿರಲಿಲ್ಲ. "ನಂಬರ್ ಹೇಳಿ" ಎಂದು ಕೇಳಿ, ನಾನೇ ಒತ್ತಿ, ದುಡ್ಡು ಕೈಗಿಟ್ಟು ಬರುತ್ತಿದ್ದೆ. ಕೇಳಬಾರದೆಂದು ಗೊತ್ತಿತ್ತು. ಗುಟ್ಟಿನ ನಂಬರನ್ನು ಯಾರಿಗೂ ಹೇಳಬೇಡಿ ಎಂಬ ನೋಟೀಸನ್ನು ಗಾಜಿಗೆ ಅಂಟಿಸಿದವಳೂ ನಾನೇ.

ಹಾಗೆ ಬರುತ್ತಿದ್ದವರಲ್ಲಿ ಸೋಸಲೆಯ ಹೆಂಗಸೊಬ್ಬರಿದ್ದರು. ಶಾಲೆಯ ಜವಾನರಾಗಿದ್ದ ಗಂಡ ತೀರಿಕೊಂಡ ಮೇಲೆ ಪಿಂಚಣಿ ಇವರಿಗೆ ಬರುತ್ತಿತ್ತು. ಒಂದು ಸೋಮವಾರ ಅವರು ನೇರ ನನ್ನ ಮುಂದೆ ಬಂದು ನಿಂತರು.

"ಮೇಡಮ್ಮೋರೇ, ಬ್ಯಾಂಕಿಂದ ಫೋನ್ ಮಾಡಿದ್ರಲ್ಲ, ಕಾರ್ಡು ಸರ್ಯಾಯ್ತಾ?"

ಬರೆಯುತ್ತಿದ್ದ ನನ್ನ ಕೈ ನಿಂತಿತು. "ಏನು ಕೇಳಿದ್ರು?"

"ಕಾರ್ಡು ನಿಂತೋಯ್ತದೆ ಅಂದ. ಅದ್ರ ಮ್ಯಾಲಿರೋ ನಂಬ್ರು ಏಳಿಸ್ಕೊಂಡ. ಆಮ್ಯಾಕೆ ಫೋನ್ಗೆ ಮೆಸೇಜ್ ಬತ್ತದೆ, ಅದ್ರಲ್ಲಿರೋ ನಂಬ್ರೂ ಏಳಿ ಅಂದ. ಏಳ್ದೆ."

ಖಾತೆ ತೆಗೆದು ನೋಡಿದೆ. ಮಗಳ ಬಾಣಂತನಕ್ಕೆಂದು ಕೂಡಿಟ್ಟಿದ್ದೆಲ್ಲ ಹೋಗಿತ್ತು. ಹೇಳಿದಾಗ ಅವರು ಅಳಲಿಲ್ಲ. ಮೆಲ್ಲನೆ ಬೆಂಚಿನ ಮೇಲೆ ಕೂತರು.

"ಯಾರಿಗೂ ಹೇಳಬೇಡಿ ಅಂತ ಇಲ್ಲೇ ಬರೆದಿದೆಯಲ್ಲಮ್ಮಾ!" ನನ್ನ ದನಿ ಏರಿತ್ತು.

"ಯಾರ್ಗೂ ಏಳ್ನಿಲ್ಲ ಕಣವ್ವ. ಬ್ಯಾಂಕ್ನೋರು ಅಂದ, ಅದ್ಕೇ ಏಳ್ದೆ. ನೀವೂ ಕೇಳ್ತಿದ್ರಲ್ಲ?"

ಆ ಮಾತಿನಲ್ಲಿ ದೂರು ಇರಲಿಲ್ಲ. ಅವರು ಅರ್ಥವಾಗದೆ ಕೇಳಿದ್ದರು.

ಕಾರ್ಡು ನಿಲ್ಲಿಸಿ ಅರ್ಜಿ ಬರೆದುಕೊಟ್ಟೆ. ಠಾಣೆಗೂ ಜೊತೆಗೆ ಹೋದೆ. ತಿಂಗಳುಗಳ ಮೇಲೆ ಬ್ಯಾಂಕಿನ ಹೆಡ್ ಆಫೀಸಿನಿಂದ ಉತ್ತರ ಬಂತು: ನಂಬರನ್ನು ಗ್ರಾಹಕರೇ ಕೊಟ್ಟಿರುವುದರಿಂದ ಹಣ ಮರಳಿಸಲಾಗದು. ಅದನ್ನು ಓದಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ನಾನೂ ಕೇಳುತ್ತಿದ್ದೆ ಎಂಬುದನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. ಬರೆಯುವ ಧೈರ್ಯವಾಗಿರಲಿಲ್ಲ.

ಹೊಸ ಕಾರ್ಡು ಬಂದ ಮೇಲೆ ಅವರು ಮತ್ತೆ ನನ್ನನ್ನೇ ಕರೆದರು. "ನೀವೇ ಒತ್ಬುಡಿ."

"ಬೇಡಮ್ಮಾ, ನೀವೇ ಒತ್ತಿ. ನನಗೂ ಹೇಳಬೇಡಿ" ಎಂದು ಗೋಡೆಯ ಕಡೆ ತಿರುಗಿ ನಿಂತೆ.

ಒಂದೊಂದೇ ಅಂಕಿ ಒತ್ತಿದರು. ಎರಡು ಸಲ ತಪ್ಪಿತು. "ಬಿರ್ರನೆ ಮಾಡವ್ವಾ, ಬಸ್ಸು ಓಯ್ತದೆ" ಎಂದು ಸಾಲಿನಲ್ಲಿ ಯಾರೋ ಗೊಣಗಿದರು. ಮೂರನೆಯ ಸಲ ಅವರು ಸೆರಗಿನಿಂದ ಕೈ ಮುಚ್ಚಿಕೊಂಡದ್ದು ಓರೆಗಣ್ಣಿಗೆ ಕಂಡಿತು. ದುಡ್ಡು ಬಂತು. ರವಿಕೆಯೊಳಗೆ ಸೇರಿಸಿ, ನನ್ನ ಕಡೆ ನೋಡದೆ ಹೊರಗೆ ನಡೆದರು.